ವಿದ್ಯಾರ್ಥಿನಿಯರ ವಸತಿನಿಲಯ: ಸಿಬ್ಬಂದಿಯ ಹೊಣೆಗಾರಿಕೆ

ಕಲ್ಯಾಣದಂತಹ ರೈಲ್ವೆ ಜಂಕ್ಷನ್ ನಗರಕ್ಕೆ ಓದಲು ಬರುವ ಬಾಲಕಿಯರಿಗೆ ವಸತಿನಿಲಯವೇ ಎರಡನೆಯ ಮನೆ. ಅಲ್ಲಿ ಅಪಾಯವು ಹೊರಗಿನಿಂದಲೇ ಬರುವುದೆಂದು ಭಾವಿಸುವುದು ತಪ್ಪು. 2023ರ ಜೂನ್ ತಿಂಗಳಲ್ಲಿ ಮುಂಬಯಿಯ ಚರ್ನಿ ರೋಡ್ ಬಳಿಯ ಸರ್ಕಾರಿ ನಿಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗ ಸಂಶಯಕ್ಕೆ ಒಳಗಾದವನು ಅಲ್ಲಿಯ ಕಾವಲುಗಾರನೇ. 2024ರ ಆಗಸ್ಟ್‌ನಲ್ಲಿ ಕಲ್ಯಾಣಕ್ಕೆ ಸಮೀಪದ ಬದಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲಿನ ದೌರ್ಜನ್ಯದ ಆರೋಪದಲ್ಲಿ ಬಂಧಿತನಾದವನೂ ಶಾಲೆಯ ನೌಕರನೇ.

ಆದುದರಿಂದ ಸುರಕ್ಷತೆಯು ನೇಮಕಾತಿಯಿಂದಲೇ ಆರಂಭವಾಗಬೇಕು. ಗುತ್ತಿಗೆ ನೌಕರರೂ ಸೇರಿದಂತೆ ಪ್ರತಿಯೊಬ್ಬರ ಪೂರ್ವವೃತ್ತವನ್ನು ಪೊಲೀಸರ ಮೂಲಕ ಪರಿಶೀಲಿಸತಕ್ಕದ್ದು.

ಮೇಲ್ವಿಚಾರಕಿ: ರಾತ್ರಿ ನಿಲಯದಲ್ಲಿಯೇ ತಂಗಿದ್ದು ಹಾಜರಿ ತೆಗೆದುಕೊಳ್ಳಬೇಕು. ರಜಾಕಾಲದಲ್ಲಿ ಒಂದು ಅಂತಸ್ತಿನಲ್ಲಿ ಒಬ್ಬಳೇ ಉಳಿಯುವಂತಿದ್ದರೆ ಆಕೆಯನ್ನು ಇತರರ ಸಮೀಪದ ಕೋಣೆಗೆ ಸ್ಥಳಾಂತರಿಸಬೇಕು.

ಕಾವಲುಗಾರ: ದ್ವಾರವನ್ನೂ ಸಂದರ್ಶಕರ ದಾಖಲೆಯನ್ನೂ ನೋಡಿಕೊಳ್ಳಬೇಕು. ದುರಸ್ತಿಗೆ ಬಂದ ಪುರುಷರು ಮಹಿಳಾ ಸಿಬ್ಬಂದಿಯೊಡನೆ ಮಾತ್ರ ಒಳಹೋಗಬೇಕು. ರಕ್ಷಣೆಯ ಹೆಸರಿನಲ್ಲಿ ತುರ್ತು ನಿರ್ಗಮನ ದ್ವಾರಕ್ಕೆ ಬೀಗ ಹಾಕಬಾರದು. ಬೆಂಕಿ ಬಿದ್ದಾಗ ಆ ಬೀಗವೇ ಪ್ರಾಣಕ್ಕೆ ಎರವಾದೀತು.

ಎಲ್ಲ ಸಿಬ್ಬಂದಿ: ಸಹೋದ್ಯೋಗಿಯ ವರ್ತನೆಯ ಬಗ್ಗೆ ಬಾಲಕಿ ಹೇಳಿದ ಮಾತನ್ನು ತಳ್ಳಿಹಾಕಬಾರದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧವನ್ನು ಬಲ್ಲವರು ಪೊಲೀಸರಿಗೆ ತಿಳಿಸಲೇಬೇಕು. ಅಧೀನ ನೌಕರನ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಸಂಸ್ಥೆಯ ಮರ್ಯಾದೆಗಾಗಿ ಮೌನ ವಹಿಸುವುದು ಅಪರಾಧವೇ ಆಗುತ್ತದೆ.

ತುರ್ತುಸೇವೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 – ಈ ಸಂಖ್ಯೆಗಳು ಪ್ರತಿ ಅಂತಸ್ತಿನಲ್ಲಿಯೂ ಕಣ್ಣಿಗೆ ಬೀಳುವಂತಿರಲಿ.