ಗೋಲಗುಮ್ಮಟದ ಪಿಸುಮಾತು: ಸಮ ಜ್ಯಾಗಳ ಪ್ರಮೇಯದಿಂದ ಸಂಶೋಧನೆಯ ಪ್ರಶ್ನೆಯವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ಅಲ್ಲಿನ ಮಕ್ಕಳಿಗೆ ಗೋಲಗುಮ್ಮಟವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಶಾಲಾ ಪ್ರವಾಸದಲ್ಲೋ ಮನೆಯವರ ಜೊತೆಗೋ ಅನೇಕರು ಅದನ್ನು ಕಂಡಿರುತ್ತಾರೆ. ಕೂಗಿದರೆ ಏಳು ಸಲ ಪ್ರತಿಧ್ವನಿಸುತ್ತದೆ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಅಧ್ಯಾಯ ಬಂದಾಗ ಗುಮ್ಮಟವು ಒಂದು ವಾಕ್ಯದ ಉದಾಹರಣೆಯಾಗಿ ಮುಗಿಯುತ್ತದೆ. ಅದೇ ತರಗತಿಯ ಗಣಿತದ ‘ವೃತ್ತಗಳು’ ಅಧ್ಯಾಯದಲ್ಲಿ ಅದರ ಹೆಸರೇ ಬರುವುದಿಲ್ಲ. ನಾವು ಕೂಡ ಗಣಿತ ಮತ್ತು ಭೌತವಿಜ್ಞಾನದ ಪಾಠಯೋಜನೆಗಳನ್ನು ಬೇರೆ ಬೇರೆ ಕಡತಗಳಲ್ಲಿ ಬರೆಯುತ್ತೇವೆ. ಈ ಎರಡು ಅಧ್ಯಾಯಗಳನ್ನು ಒಂದೇ ಕಟ್ಟಡದ ಕೆಳಗೆ ತರುವ ಮೂರು ಅವಧಿಗಳ ಪಾಠವನ್ನು ಇಲ್ಲಿ ಇಡುತ್ತಿದ್ದೇನೆ. ಸಂಶೋಧನೆ ಎಂದರೆ ದೂರದ ಯಾವುದೋ ವಿಶ್ವವಿದ್ಯಾಲಯದಲ್ಲಿ ನಡೆಯುವ ಕೆಲಸ ಎಂದು ನಂಬಿರುವ ಮಕ್ಕಳಿಗೆ, ತಮ್ಮ ಪಠ್ಯದ ಪ್ರಮೇಯದಿಂದ ಅಲ್ಲಿಗೆ ಎಷ್ಟು ಮೆಟ್ಟಿಲುಗಳಿವೆ ಎಂದು ತೋರಿಸುವುದು ಇದರ ಉದ್ದೇಶ.

ಅಗತ್ಯ ಪೂರ್ವಜ್ಞಾನ

ಪ್ರತಿಫಲನದ ನಿಯಮ, ಅಂದರೆ ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ. ವೃತ್ತದ ಸಮ ಜ್ಯಾಗಳು ಕೇಂದ್ರದಿಂದ ಸಮಾನ ದೂರದಲ್ಲಿರುತ್ತವೆ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಇಷ್ಟು ಸಾಕು.

ಮೊದಲ ಅವಧಿ: ಕೂಗು

ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಬುಡದಲ್ಲಿ, ಒಳಗಡೆ ಸುತ್ತಲೂ ಗ್ಯಾಲರಿ ಇದೆ. ಅಲ್ಲಿ ನಿಂತು ಕೂಗಿದವನ ಧ್ವನಿ ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. 76ನ್ನು 344ರಿಂದ ಭಾಗಿಸಿದರೆ ಸುಮಾರು 0.22 ಸೆಕೆಂಡು. ಮೂಲಧ್ವನಿ ಮತ್ತು ಪ್ರತಿಧ್ವನಿ ಬೇರೆ ಬೇರೆಯಾಗಿ ಕೇಳಲು ಅವುಗಳ ನಡುವೆ ಕನಿಷ್ಠ 0.1 ಸೆಕೆಂಡು ಬೇಕೆಂದು ಪಠ್ಯ ಹೇಳುತ್ತದೆ. ಇಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಸಮಯವಿದೆ. ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಬಳಿಕ ತಮ್ಮ ತರಗತಿ ಕೋಣೆಯ ಉದ್ದವನ್ನು ಅಳೆದು, ಇಲ್ಲಿ ಪ್ರತಿಧ್ವನಿ ಏಕೆ ಕೇಳುವುದಿಲ್ಲ ಎಂದು ಅದೇ ಲೆಕ್ಕದಿಂದ ಉತ್ತರಿಸಲಿ.

ಎರಡನೆಯ ಅವಧಿ: ಪಿಸುಮಾತು

ಕೂಗಿನ ವಿಷಯ ಸುಲಭ. ಪಿಸುಮಾತಿನದು ಹಾಗಲ್ಲ. ದುರ್ಬಲವಾದ ಧ್ವನಿ 38 ಮೀಟರ್ ಆಚೆಗೆ ಹೇಗೆ ಉಳಿದೀತು? ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು: “ಸರ್, ಎದುರಿಗೆ ನಿಂತವರಿಗಷ್ಟ ಕೇಳತೈತೇನ್ರಿ, ನಡುವ ಗ್ವಾಡಿ ಹತ್ರ ನಿಂತವರಿಗೂ ಕೇಳತೈತ್ರಿ?”

ಇಡೀ ಪಾಠ ನಿಂತಿರುವುದು ಈ ಪ್ರಶ್ನೆಯ ಮೇಲೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿಯೂ ಪಿಸುಮಾತಿನ ಗ್ಯಾಲರಿ ಇದೆ. 19ನೆಯ ಶತಮಾನದಲ್ಲಿ ಖಗೋಳವಿಜ್ಞಾನಿ ಜಾರ್ಜ್ ಏರಿ ಅದಕ್ಕೆ ಒಂದು ವಿವರಣೆ ಕೊಟ್ಟರು: ಗೋಳಾಕಾರದ ಮೇಲ್ಮೈಯಿಂದ ಪ್ರತಿಫಲಿಸಿದ ಶಬ್ದವು ವ್ಯಾಸದ ಆಚೆ ತುದಿಯಲ್ಲಿ ಒಟ್ಟುಗೂಡುತ್ತದೆ. ಲಾರ್ಡ್ ರೇಲೆ ಇದನ್ನು ಒಪ್ಪಲಿಲ್ಲ. ಶಬ್ದವು ಗೋಡೆಗೆ ಅಂಟಿಕೊಂಡಂತೆ ತೆವಳುತ್ತಾ ಸಾಗುತ್ತದೆ ಎಂದರು. ಏರಿ ಹೇಳಿದ್ದು ಸರಿಯಾದರೆ ಪಿಸುಮಾತು ಎದುರಿಗೆ ಮಾತ್ರ ಚೆನ್ನಾಗಿ ಕೇಳಬೇಕು. ರೇಲೆ ಹೇಳಿದ್ದು ಸರಿಯಾದರೆ ಗೋಡೆಯುದ್ದಕ್ಕೂ ಎಲ್ಲಿ ಕಿವಿಯಿಟ್ಟರೂ ಕೇಳಬೇಕು. ಎರಡು ವಿವರಣೆಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನೇ ಆ ಹುಡುಗಿ ಕೇಳಿದ್ದಳು. ಸೇಂಟ್ ಪಾಲ್ಸ್‌ನಲ್ಲಿ ರೇಲೆ ಗಮನಿಸಿದಂತೆ ಪಿಸುಮಾತು ಎದುರು ಬಿಂದುವಿಗೆ ಸೀಮಿತವಾಗಿರಲಿಲ್ಲ.

ಉತ್ತರವನ್ನು ತಕ್ಷಣ ಹೇಳದೆ ಎರಡೂ ಊಹೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ಚಿತ್ರ ಬಿಡಿಸಲು ಹೇಳಬೇಕು.

ಚಟುವಟಿಕೆ: 1 ಸೆಂಟಿಮೀಟರಿಗೆ 2 ಮೀಟರ್ ಪ್ರಮಾಣದಲ್ಲಿ 9.5 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಪರಿಧಿಯ ಮೇಲೆ ಒಂದು ಬಿಂದು ಗುರುತಿಸಿ, ಪಿಸುಗುಟ್ಟುವವನು ಅಲ್ಲಿದ್ದಾನೆ. ಆ ಬಿಂದುವಿನಿಂದ ತ್ರಿಜ್ಯಕ್ಕೆ 60° ಕೋನದಲ್ಲಿ, ಅಂದರೆ ಸ್ಪರ್ಶಕಕ್ಕೆ 30° ಕೋನದಲ್ಲಿ, ಒಂದು ಕಿರಣ ಎಳೆಯಿರಿ. ಅದು ಗೋಡೆಗೆ ತಾಗಿದಲ್ಲಿ ಪ್ರತಿಫಲನದ ನಿಯಮದಂತೆ ಮುಂದುವರಿಸಿ. ಇದನ್ನೇ 75° ಮತ್ತು 80° ಕೋನಗಳಿಗೂ ಮಾಡಿ.

ಮೊದಲ ಕಿರಣವು ಜ್ಯಾ. ಅದರ ಎರಡು ತುದಿಗಳಿಗೆ ಎಳೆದ ತ್ರಿಜ್ಯಗಳೊಡನೆ ಅದು ಸಮದ್ವಿಬಾಹು ತ್ರಿಭುಜವಾಗುತ್ತದೆ. ಹಾಗಾಗಿ ಹೊರಟ ಕೋನವೂ ತಾಗಿದ ಕೋನವೂ ಒಂದೇ. ಪ್ರತಿಫಲನದ ನಂತರ ಮತ್ತೆ ಅದೇ ಕೋನ, ಮತ್ತೆ ಅಷ್ಟೇ ಉದ್ದದ ಜ್ಯಾ. ಸಮ ಜ್ಯಾಗಳು ಕೇಂದ್ರದಿಂದ ಸಮಾನ ದೂರದಲ್ಲಿರುವುದರಿಂದ, ಒಮ್ಮೆ ಗೋಡೆಯ ಹತ್ತಿರ ಹೊರಟ ಕಿರಣ ಎಷ್ಟು ಸಲ ಪ್ರತಿಫಲಿಸಿದರೂ ಗೋಡೆಯನ್ನು ಬಿಟ್ಟು ನಡುವಿಗೆ ಬರಲಾರದು. ಪರೀಕ್ಷೆಗೆಂದು ಸಾಧಿಸುವ ಪ್ರಮೇಯ ಇಲ್ಲಿ ಶಬ್ದವನ್ನು ಕಟ್ಟಿಹಾಕುವ ಬೇಲಿಯಾಗುತ್ತದೆ.

ಹತ್ತನೆಯ ತರಗತಿಯವರು ತ್ರಿಕೋನಮಿತಿಯಿಂದ ಬೇಲಿಯ ಅಗಲವನ್ನು ಲೆಕ್ಕ ಹಾಕಬಹುದು. ತ್ರಿಜ್ಯ 19 ಮೀಟರ್, ಸ್ಪರ್ಶಕದೊಡನೆ ಕೋನ θ ಆದರೆ ಅಗಲ 19(1 − cos θ), ಪ್ರತಿ ಜ್ಯಾದ ಉದ್ದ 38 sin θ.

θ = 10°: ಅಗಲ 0.29 ಮೀಟರ್, ಎದುರು ಬಿಂದು ತಲುಪಲು 9 ಜ್ಯಾಗಳು, ಒಟ್ಟು ದಾರಿ 59.4 ಮೀಟರ್.
θ = 15°: ಅಗಲ 0.65 ಮೀಟರ್, 6 ಜ್ಯಾಗಳು, 59.0 ಮೀಟರ್.
θ = 30°: ಅಗಲ 2.55 ಮೀಟರ್, 3 ಜ್ಯಾಗಳು, 57.0 ಮೀಟರ್.

ಈ ಅಂಕಿಗಳಿಂದ ಮಕ್ಕಳೇ ಎರಡು ತೀರ್ಮಾನಗಳಿಗೆ ಬರಬಹುದು. ಒಂದು, ನಕ್ಷೆಯಲ್ಲಿ ಬಾಯಿಂದ 180° ಹರವಿನಲ್ಲಿ ಶಬ್ದ ಸಮನಾಗಿ ಹೊರಟಿತೆಂದು ಭಾವಿಸಿದರೆ, ಎಡಬಲಗಳ 30° ಸೇರಿ 60°, ಅಂದರೆ ಮೂರನೆಯ ಒಂದು ಭಾಗ, ಗೋಡೆಯಿಂದ ಸುಮಾರು ಎರಡೂವರೆ ಮೀಟರ್ ಒಳಗೇ ಉಳಿಯುತ್ತದೆ. ಎರಡು, ಮೂರೂ ದಾರಿಗಳ ನಡುವಿನ ಗರಿಷ್ಠ ವ್ಯತ್ಯಾಸ 2.4 ಮೀಟರ್. ಶಬ್ದಕ್ಕೆ ಅದು ಸುಮಾರು 0.007 ಸೆಕೆಂಡಿನ ದಾರಿ. ಆದ್ದರಿಂದ ಬೇರೆ ಬೇರೆ ದಾರಿಯಲ್ಲಿ ಬಂದ ಪಿಸುಮಾತು ಕಿವಿಗೆ ಚೆದುರದೆ ಒಂದೇ ಮಾತಾಗಿ ಕೇಳುತ್ತದೆ. ವ್ಯಾಸದ ಗುಂಟ ಹೋಗಿ ಮರಳುವ ಕೂಗಾದರೋ 0.22 ಸೆಕೆಂಡು ತಡವಾಗಿ ಬಂದು ಪ್ರತಿಧ್ವನಿಯಾಗುತ್ತದೆ. ವೃತ್ತ ಒಂದೇ. ಹೊರಡುವ ಕೋನ ಬೇರೆಯಾದಾಗ ಫಲ ಬೇರೆ.

ಮೂರನೆಯ ಅವಧಿ: ಪರೀಕ್ಷೆ

ಚಿತ್ರ ಒಪ್ಪಿತವಾದರೆ ಸಾಲದು, ಪ್ರಯೋಗ ಬೇಕು. ರೇಲೆ ಸತುವಿನ ತಗಡನ್ನು ಬಗ್ಗಿಸಿ ಚಿಕ್ಕ ಗ್ಯಾಲರಿ ಮಾಡಿಕೊಂಡಿದ್ದರು. ಒಂದು ತುದಿಯಲ್ಲಿ ತೀಕ್ಷ್ಣ ಧ್ವನಿಯ ಸೀಟಿ, ಇನ್ನೊಂದು ತುದಿಯಲ್ಲಿ ಶಬ್ದಕ್ಕೆ ಅಲುಗುವ ಸೂಕ್ಷ್ಮ ಜ್ವಾಲೆ. ತಗಡಿನ ಒಳಮೈಗೆ ತಾಗಿಸಿ ಕಿರಿದಾದ ಪಟ್ಟಿಯೊಂದನ್ನು ಅಡ್ಡ ಇಟ್ಟರೆ ಸಾಕು, ಜ್ವಾಲೆ ಶಾಂತವಾಗುತ್ತಿತ್ತು. ಶಬ್ದ ಹೋಗುತ್ತಿದ್ದುದು ಗೋಡೆಯ ಗುಂಟ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಶಾಲೆಯಲ್ಲಿ ಎಂಟು ಅಡಿ ಉದ್ದದ ನಯವಾದ ತಗಡನ್ನು ಬೆಂಚುಗಳ ಆಸರೆಯಲ್ಲಿ ಅರ್ಧವೃತ್ತವಾಗಿ ನಿಲ್ಲಿಸಬಹುದು. ಅಂಚುಗಳಿಗೆ ಬಟ್ಟೆ ಕಟ್ಟಿರಬೇಕು. ಒಂದು ತುದಿಯಲ್ಲಿ ಮೊಬೈಲಿನಿಂದ 4000 ಹರ್ಟ್ಜ್‌ನ ಸಣ್ಣ ಧ್ವನಿ ಹೊರಡಿಸಿ, ಇನ್ನೊಂದು ತುದಿಯಲ್ಲಿ ತಗಡಿನ ಹತ್ತಿರ ಕಿವಿಯಿಡಬೇಕು. ನಡುದಾರಿಯಲ್ಲಿ ನೋಟ್‌ಬುಕ್ಕನ್ನು ತಗಡಿಗೆ ತಾಗಿಸಿ ಅಡ್ಡ ಹಿಡಿದರೆ ಧ್ವನಿ ತಗ್ಗುತ್ತದೆ. ನೇರವಾಗಿ ಬರುವ ಶಬ್ದ ಉಳಿಯುವುದರಿಂದ ಪೂರ್ತಿ ನಿಲ್ಲುವುದಿಲ್ಲ ಎಂಬುದನ್ನೂ ಮಕ್ಕಳಿಂದ ಹೇಳಿಸಬೇಕು. ನಂತರ 400 ಹರ್ಟ್ಜ್‌ಗೆ ಇಳಿಸಿ ನೋಡಲಿ. ಇದರ ತರಂಗದೂರ 86 ಸೆಂಟಿಮೀಟರ್, ಅಂದರೆ ಬಗ್ಗಿಸಿದ ತಗಡಿನ ತ್ರಿಜ್ಯದಷ್ಟೇ ದೊಡ್ಡದು. ಇಷ್ಟು ದೊಡ್ಡ ತರಂಗಕ್ಕೆ ಕಿರಣದ ಚಿತ್ರ ಹೊಂದುವುದಿಲ್ಲ.

ನಮ್ಮ ರೇಖಾಗಣಿತ ಇಲ್ಲಿಗೆ ಸೋಲುತ್ತದೆ, ಮುಂದಿನ ಗಣಿತ ಇಲ್ಲಿಂದ ಶುರುವಾಗುತ್ತದೆ. 1910ರಲ್ಲಿ ರೇಲೆ ಕಿರಣಗಳನ್ನು ಬಿಟ್ಟು ತರಂಗ ಸಮೀಕರಣವನ್ನೇ ವೃತ್ತದೊಳಗೆ ಬಿಡಿಸಿದರು. ಉತ್ತರ ಬಂದದ್ದು ಬೆಸೆಲ್ ಫಲನಗಳಲ್ಲಿ. ಅವುಗಳ ಕ್ರಮಾಂಕ ದೊಡ್ಡದಾದಾಗ ತರಂಗ ಪರಿಧಿಯ ಹತ್ತಿರದ ಪಟ್ಟಿಯಲ್ಲಿ ಮಾತ್ರ ಗಣನೀಯವಾಗಿರುತ್ತದೆ. ತರಂಗದೂರ 8 ಪಟ್ಟು ಕಿರಿದಾದರೆ ಪಟ್ಟಿ 4 ಪಟ್ಟು ಕಿರಿದಾಗುತ್ತದೆ. ‘ಸ್’, ‘ಶ್’ಗಳಂಥ ಎತ್ತರದ ಆವೃತ್ತಿಗಳೇ ಹೆಚ್ಚಿರುವ ಪಿಸುಮಾತು ಗೋಡೆಯನ್ನು ಹಿಡಿದು ಸಾಗಲು ಇದೂ ಕಾರಣ.

ಅಲ್ಲಿಗೂ ಪ್ರಶ್ನೆ ಮುಗಿಯಲಿಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಸಿ. ವಿ. ರಾಮನ್, ಸದರ್ಲ್ಯಾಂಡ್ ಜೊತೆ ಸೇಂಟ್ ಪಾಲ್ಸ್‌ನಲ್ಲಿ ಪ್ರಯೋಗ ಮಾಡಿದರು. ಅವರಿಗೆ ಕಂಡ ಶಬ್ದದ ಏರಿಳಿತಗಳಿಗೆ ರೇಲೆಯ ಸಿದ್ಧಾಂತದಲ್ಲಿ ಪೂರ್ತಿ ವಿವರಣೆ ಇರಲಿಲ್ಲ. ಮರಳಿ ಬಂದು ಭಾರತದ ಪಿಸುಮಾತಿನ ಗ್ಯಾಲರಿಗಳ ಬಗ್ಗೆಯೂ ಬರೆದರು. ಅವುಗಳಲ್ಲಿ ನಮ್ಮ ಗೋಲಗುಮ್ಮಟವೂ ಒಂದು. ರಾಮನ್ ಪರಿಣಾಮಕ್ಕಿಂತ ಆರೇಳು ವರ್ಷ ಹಿಂದಿನ ಮಾತಿದು. ಫೆಬ್ರುವರಿ 28ರ ವಿಜ್ಞಾನ ದಿನದಂದು ಭಾಷಣದ ಬದಲು ಈ ಪಾಠ ಮಾಡಲು ಇದೊಂದು ಒಳ್ಳೆಯ ನೆಪ. ಇಂದು ಇದೇ ತತ್ವದ ಮೇಲೆ ಸೂಕ್ಷ್ಮ ಗಾಜಿನ ಗೋಲಿಗಳೊಳಗೆ ಬೆಳಕನ್ನು ಸುತ್ತಿಸಿ ಅತಿ ಸೂಕ್ಷ್ಮ ಸಂವೇದಕಗಳನ್ನು ಮಾಡುತ್ತಾರೆ.

ಪ್ರವಾಸಕ್ಕೆ ವೀಕ್ಷಣಾ ಹಾಳೆ

ಗ್ಯಾಲರಿಯಲ್ಲಿ ಎಲ್ಲರೂ ಕೂಗುತ್ತಿದ್ದರೆ ಏನೂ ಕೇಳದು. ಬೆಳಗ್ಗೆ ಜನ ಸೇರುವ ಮೊದಲೇ ಹೋಗಬೇಕು. ಒಬ್ಬರು ಗೋಡೆಯ ಗುಂಟ ಪಿಸುಗುಟ್ಟಲಿ. ಕೇಳುವವರು ಪರಿಧಿಯ ಗುಂಟ ಸುಮಾರು 15, 30, 45, 60 ಮೀಟರ್ ದೂರಗಳಲ್ಲಿ ನಿಲ್ಲಲಿ. ಹೇಳುವ ಪದ ಮೊದಲೇ ಗೊತ್ತಿರಬಾರದು. ಕಿವಿ ಗೋಡೆಯ ಬಳಿ ಇದ್ದಾಗ, ಒಂದು ಹೆಜ್ಜೆ ಸರಿದಾಗ, ಎರಡು ಹೆಜ್ಜೆ ಸರಿದಾಗ ಕೇಳಿದ ಪದವನ್ನು ಪ್ರತಿಯೊಬ್ಬರೂ ಬೇರೆಯವರನ್ನು ಕೇಳದೆ ಬರೆಯಲಿ. ತುಂಬಿದ ಹಾಳೆಗಳನ್ನು ಶಾಲೆಗೆ ತಂದ ಮೇಲೆ ಏರಿ, ರೇಲೆ ಇಬ್ಬರಲ್ಲಿ ಯಾರ ಊಹೆಗೆ ಅವು ಹೊಂದುತ್ತವೆ ಎಂದು ತರಗತಿಯೇ ತೀರ್ಮಾನಿಸಲಿ.

ಮೌಲ್ಯಮಾಪನ

1. ವೃತ್ತದ ಬದಲು ಚೌಕಾಕಾರದ ಕೋಣೆಯಾಗಿದ್ದರೆ ಗೋಡೆಯ ಹತ್ತಿರ ಹೊರಟ ಕಿರಣ ಹತ್ತಿರವೇ ಉಳಿಯುತ್ತದೆಯೇ? ಚಿತ್ರ ಬಿಡಿಸಿ ಉತ್ತರಿಸಿ.
2. θ = 45° ಆದರೆ ಕಿರಣದ ದಾರಿ ಯಾವ ಆಕೃತಿ? ಅದು ಗೋಡೆಯಿಂದ ಎಷ್ಟು ದೂರ ಸರಿಯುತ್ತದೆ?
3. ನಮ್ಮ ಚಿತ್ರ ನೆಲದ ನಕ್ಷೆ ಮಾತ್ರ. ಗುಮ್ಮಟ ಮೇಲಕ್ಕೂ ಬಾಗಿದೆ. ಇದರಿಂದ ಯಾವ ಹೊಸ ಪ್ರಶ್ನೆ ಹುಟ್ಟುತ್ತದೆ?

ಮೂರನೆಯದಕ್ಕೆ ಅಂಕ ಕೊಡುವಾಗ ಉತ್ತರವನ್ನಲ್ಲ, ಪ್ರಶ್ನೆಯನ್ನು ನೋಡಬೇಕೆಂದು ನನ್ನ ಸಲಹೆ. ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಯನ್ನು “ಅದು ಪಠ್ಯದಲ್ಲಿಲ್ಲ” ಎಂದು ಬದಿಗೆ ಸರಿಸುವುದು ಸುಲಭ. ಅದೇ ಪ್ರಶ್ನೆಯನ್ನು ಕೇಳಿಕೊಂಡವರು ಏರಿಯ ವಿವರಣೆಯನ್ನು ಪ್ರಯೋಗಕ್ಕೆ ಒಡ್ಡಿದರು. ಪಾಠಯೋಜನೆಯ ಕೊನೆಯ ಅಂಕಣದಲ್ಲಿ ‘ಮಕ್ಕಳು ಕೇಳಿದ ಪ್ರಶ್ನೆಗಳು’ ಎಂದು ಎರಡು ಸಾಲು ಜಾಗ ಬಿಟ್ಟರೆ ಅಂಥವನ್ನು ಉಳಿಸಿಕೊಳ್ಳಲು ನಮಗೂ ಅನುಕೂಲ.