ಹೋರಿಯ ಸ್ವಭಾವವೂ ಅದರ ಸಂತಾನಶಕ್ತಿಯೂ

ನಮ್ಮ ವಾಚನಾಲಯಕ್ಕೆ ಬರುವವರು ಪ್ಯಾರೀಸ್ ಕಾರ್ನರಿನ ಅಂಗಡಿ, ಆಫೀಸು, ಗೋದಾಮುಗಳಲ್ಲಿ ದುಡಿಯುವವರಾದರೂ ಅನೇಕರಿಗೆ ಊರಿನಲ್ಲಿ ದನಕರುಗಳುಂಟು. ಇಲ್ಲಿಂದ ಉಳಿಸಿ ಕಳುಹಿಸಿದ ಹಣದಿಂದ ಮನೆಯವರು ಹೋರಿಕರು ಕೊಳ್ಳುತ್ತಾರೆ. ಆಗ ಮಾರುವವನು, “ಬಹಳ ಚುರುಕು, ಯಾರನ್ನೂ ಹತ್ತಿರ ಸೇರಿಸದು” ಎಂದು ಹೊಗಳುವುದು ವಾಡಿಕೆ. ಆದರೆ ಚುರುಕು ಬೇರೆ, ಬೆದರು ಬೇರೆ. ಬೆದರುವ ಹೋರಿಯನ್ನು ಮಂದೆಗೆ ಬಿಟ್ಟರೆ ಆಗುವ ನಷ್ಟವೇನೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಇದೇ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಅಂದಿಯೂರಿಗೆ ಮೇಲೆ ಬರ್ಗೂರು ಬೆಟ್ಟಗಳಿವೆ. ಅಲ್ಲಿ ದನ ಸಾಕುವವರು ಹೆಚ್ಚಾಗಿ ಕನ್ನಡವಾಡುವ ಲಿಂಗಾಯತರು. ಕಂದು ಮೈಯ ಮೇಲೆ ಬಿಳಿ ಮಚ್ಚೆಗಳುಳ್ಳ ಬರ್ಗೂರು ತಳಿ ಅವರದೇ. ಆಡಿ ತಿಂಗಳಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಈ ದನಗಳು ಮಾರಾಟಕ್ಕೆ ಬರುತ್ತವೆ. ನಡಿಗೆಯಲ್ಲಿ ವೇಗ, ಬೆಟ್ಟದ ದಾರಿಯಲ್ಲಿ ಗಟ್ಟಿ. ಆದರೆ ಹೊಸಬರನ್ನು ನಂಬವು, ಪಳಗಿಸುವುದಕ್ಕೆ ಬಹಳ ತಾಳ್ಮೆ ಬೇಕು. ಮೈಸೂರು ಅರಸರ ಕಾವಲುಗಳಲ್ಲಿ ಬೆಳೆದ ಅಮೃತಮಹಲ್ ತಳಿಗೂ ಇದೇ ಹೆಸರು. ಇದಕ್ಕೆ ರಕ್ತಗುಣವೊಂದೇ ಕಾರಣವಲ್ಲ. ಕಾಡಿನಲ್ಲಿ, ಕಾವಲಿನಲ್ಲಿ ಮೇಯುವ ಕರುವಿಗೆ ಮನುಷ್ಯನ ಕೈ ಸೋಕುವುದೇ ಅಪರೂಪ. ಅಲ್ಲಿ ಬೆದರು ಅದರ ಪ್ರಾಣ ಉಳಿಸುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಗೆ ಅದೇ ಬೆದರು ದಿನನಿತ್ಯದ ಖರ್ಚು.

ಈ ಖರ್ಚನ್ನು ಅಳೆದು ನೋಡಿದವರು ಮಾಂಸಕ್ಕಾಗಿ ದನ ಸಾಕುವ ದೇಶಗಳ ವಿಜ್ಞಾನಿಗಳು. ಅಮೆರಿಕದ ಬ್ರಾಹ್ಮನ್ ಎಂಬ ಡುಬ್ಬದ ತಳಿ ನಮ್ಮ ದೇಶದ ಗಿರ್, ನೆಲ್ಲೂರು, ಕೃಷ್ಣಾ ಕಣಿವೆ ಮೊದಲಾದ ದನಗಳಿಂದಲೇ ಹುಟ್ಟಿದುದು; ಆದ್ದರಿಂದ ಅವರ ಅನುಭವ ನಮಗೂ ಸಲ್ಲುತ್ತದೆ. ದನವನ್ನು ಇಕ್ಕಟ್ಟಾದ ಕಬ್ಬಿಣದ ಚೌಕಟ್ಟಿಗೆ ಹೊಗಿಸಿ, ಒಳಗೆ ಎಷ್ಟು ಒದ್ದಾಡುತ್ತದೆ, ಬಿಟ್ಟೊಡನೆ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ನೋಡಿ ಸ್ವಭಾವಕ್ಕೆ ಅಂಕ ಕೊಡುತ್ತಾರೆ. ೧೯೯೭ರಲ್ಲಿ ಕೊಲರಾಡೊದ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಶಾಂತ ದನಗಳು ಬೆದರುವ ದನಗಳಿಗಿಂತ ದಿನವಹಿ ಹೆಚ್ಚು ತೂಕ ಗಳಿಸಿದ್ದುವು.

ಕಾರಣ ಸರಳವಾದುದು. ಬೆದರಿದ ಪ್ರಾಣಿಯ ರಕ್ತದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಏರುತ್ತವೆ. ಮೇವಿನ ಮೇಲೆ ಗಮನ ತಪ್ಪುತ್ತದೆ. ತಿಂದುದು ಮೈಗೆ ಹತ್ತದೆ ಓಡಾಟಕ್ಕೆ ವೆಚ್ಚವಾಗುತ್ತದೆ. ಕಾರ್ಟಿಸಾಲ್ ಬಹುಕಾಲ ಹೆಚ್ಚಾಗಿದ್ದರೆ ಮಾಂಸಖಂಡವೇ ಕರಗುತ್ತದೆ.

ಸಂತಾನಶಕ್ತಿಗೆ ಬರುವ ಪೆಟ್ಟು ಎರಡು ಬಗೆಯದು. ಮೊದಲನೆಯದು, ಬೆಳವಣಿಗೆ ಕುಂದಿದ ಹೋರಿ ತಡವಾಗಿ ಪ್ರಾಯಕ್ಕೆ ಬರುತ್ತದೆ. ಎರಡನೆಯದು, ಕಾರ್ಟಿಸಾಲ್ ಏರಿದಾಗ ವೃಷಣಗಳನ್ನು ನಡೆಸುವ ಮಿದುಳಿನ ಆಜ್ಞೆ ಸಡಿಲವಾಗಿ, ಗಂಡುತನದ ರಸವಾದ ಟೆಸ್ಟೊಸ್ಟೆರಾನ್ ತಗ್ಗುತ್ತದೆ. ಹೋರಿಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ೬೧ ದಿನ ಬೇಕು. ಆದುದರಿಂದ ಇಂದಿನ ಹಿಂಸೆಯ ಫಲ ಎರಡು ತಿಂಗಳ ಮೇಲೆ ಕಂಡೀತು. ಆಗ ಹಸು ಗಬ್ಬ ನಿಲ್ಲಲಿಲ್ಲವೆಂದು ಹಸುವನ್ನು ದೂರುತ್ತೇವೆ! ವೀರ್ಯದ ಮೇಲಿನ ಪರಿಣಾಮ ಎಲ್ಲ ಪರೀಕ್ಷೆಗಳಲ್ಲಿಯೂ ಒಂದೇ ಸಮನಾಗಿ ಕಂಡಿಲ್ಲವೆಂಬುದನ್ನೂ ಹೇಳಬೇಕು. ತೂಕದ ನಷ್ಟ ಮಾತ್ರ ಹೆಚ್ಚು ಖಚಿತವಾದುದು.

ಸ್ವಭಾವದಲ್ಲಿ ಒಂದು ಪಾಲು ತಂದೆತಾಯಿಗಳಿಂದ ಬರುತ್ತದೆ, ಇನ್ನೊಂದು ಪಾಲು ಸಾಕುವವನ ಕೈಯಿಂದ. ಮೊದಲನೆಯದನ್ನು ಆರಿಸಿಕೊಳ್ಳಬಹುದು, ಎರಡನೆಯದನ್ನು ತಿದ್ದಬಹುದು.

ಊರಿಗೆ ಫೋನು ಮಾಡಿದಾಗ ಹೇಳತಕ್ಕ ಮಾತುಗಳು:

೧. ಕರು ಕೊಳ್ಳುವ ಮೊದಲು ತಾಯಿ ಹಸುವಿನ ಸ್ವಭಾವವನ್ನು ವಿಚಾರಿಸಿರಿ. ಸಂತೆಯ ಗದ್ದಲದಲ್ಲಿ ಎಂಥ ಕರುವೂ ಬೆದರೀತು. ಮಾರುವವನ ಕೊಟ್ಟಿಗೆಯಲ್ಲಿ ಎರಡು ಮೂರು ಸಲ ನೋಡಿರಿ.

೨. ಎಳೆಯದರಲ್ಲೇ ದಿನವೂ ಮೈ ಸವರಿ, ಒಬ್ಬರೇ ಮೇವು ನೀರು ಕೊಟ್ಟು ರೂಢಿ ಮಾಡಿರಿ. ಬಾಲ ತಿರುಚುವುದು, ಮೊಳೆಕೋಲಿನಿಂದ ತಿವಿಯುವುದು ಕೂಡದು.

೩. ಹೋರಿಕರುವನ್ನು ಮಂದೆಯಿಂದ ಬೇರ್ಪಡಿಸಿ ಒಂಟಿಯಾಗಿ ಬೆಳೆಸಬೇಡಿರಿ. ಹಾಗೆ ಬೆಳೆದುದು ಮನುಷ್ಯನನ್ನೇ ತನ್ನ ಸರೀಕನೆಂದು ತಿಳಿದು ದೊಡ್ಡದಾದ ಮೇಲೆ ಹಾಯಬಹುದು. ಸಾಧುವೆಂದು ಯಾವ ಹೋರಿಗೂ ಬೆನ್ನು ತೋರಿಸಬಾರದು.

೪. ಮೈಕಟ್ಟು ಚೆನ್ನಾಗಿದ್ದು ಬೆದರು ಬಿಡದ ಹೋರಿಯನ್ನು ಬೀಜ ಒಡೆಸಿ ಉಳುಮೆಗೆ ಇಟ್ಟುಕೊಳ್ಳಬಹುದು. ಮಂದೆಗೆ ಬಿಡುವುದು ಬೇಡ.

ಒಂದು ಎತ್ತಿನ ದೋಷ ಒಂದು ನೇಗಿಲಿಗೆ ಮಾತ್ರ. ಬೀಜದ ಹೋರಿಯ ದೋಷ ಊರಿನ ಹತ್ತಾರು ಕೊಟ್ಟಿಗೆಗಳಿಗೆ ಹಂಚಿಹೋಗುತ್ತದೆ. ಹಣ ಕಳುಹಿಸುವ ನಾವು ಬಣ್ಣ, ಕೊಂಬು, ಸುಳಿಗಳ ಜೊತೆಗೆ ಸ್ವಭಾವವನ್ನೂ ಕೇಳಿ ತಿಳಿಯುವುದು ಒಳ್ಳೆಯದು.