ಪ್ರತಿಯೂ ಪರಿಶ್ರಮವೂ

ಧನವನ್ನು ಹಂಚಿದರೆ ಕಡಮೆಯಾಗುತ್ತದೆ, ವಿದ್ಯೆಯನ್ನು ಹಂಚಿದರೆ ಹೆಚ್ಚುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಜೈನಧರ್ಮವು ಹೇಳುವ ನಾಲ್ಕು ಬಗೆಯ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹತ್ತನೆಯ ಶತಮಾನದಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಓಲೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಆ ಕಾಲದಲ್ಲಿ ಇದು ಅಸಾಧಾರಣವಾದ ಕಾರ್ಯ. ಗ್ರಂಥವನ್ನು ಪ್ರತಿಮಾಡುವುದು ಆಗ ಅಪರಾಧವಾಗಿರಲಿಲ್ಲ, ಪುಣ್ಯವಾಗಿತ್ತು. ಕವಿಯ ಜೀವನಕ್ಕೆ ರಾಜರ ಹಾಗೂ ದಾನಿಗಳ ಆಶ್ರಯವಿತ್ತು. ‘ಶಾಂತಿಪುರಾಣ’ವನ್ನು ಬರೆಯಿಸಿದವರೇ ಅತ್ತಿಮಬ್ಬೆಯ ತಂದೆಯಾದ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ.

ಮುದ್ರಣಯಂತ್ರವು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಒಬ್ಬನು ವರ್ಷಗಟ್ಟಲೆ ಶ್ರಮಿಸಿ ಬರೆದುದನ್ನು ಮತ್ತೊಬ್ಬನು ಕೆಲವೇ ದಿನಗಳಲ್ಲಿ ಅಚ್ಚುಹಾಕಿ ಲಾಭ ಪಡೆಯಬಹುದಾಯಿತು. ಈ ಅನ್ಯಾಯವನ್ನು ತಡೆಯಲು ಬ್ರಿಟನ್ನಿನಲ್ಲಿ ೧೭೧೦ರಲ್ಲಿ ಒಂದು ಕಾನೂನು ಜಾರಿಗೆ ಬಂದಿತು. ಹೊಸ ಗ್ರಂಥದ ಮುದ್ರಣದ ಹಕ್ಕನ್ನು ಅದು ಹದಿನಾಲ್ಕು ವರ್ಷಗಳ ಕಾಲ ಗ್ರಂಥಕರ್ತನಿಗೆ ಅಥವಾ ಅವನಿಂದ ಹಕ್ಕು ಪಡೆದವನಿಗೆ ಕೊಟ್ಟಿತು. ಆಗಲೂ ಗ್ರಂಥಕರ್ತನು ಜೀವಂತನಾಗಿದ್ದರೆ ಇನ್ನೂ ಹದಿನಾಲ್ಕು ವರ್ಷ ಮುಂದುವರಿಸಿತು. ಆದರೆ ಕಾನೂನು ದೇಶದ ಗಡಿಯನ್ನು ದಾಟುತ್ತಿರಲಿಲ್ಲ. ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಕೃತಿಗಳನ್ನು ಅಮೆರಿಕದ ಪ್ರಕಾಶಕರು ಅವನ ಅನುಮತಿಯಿಲ್ಲದೆಯೇ ಮುದ್ರಿಸಿ ಮಾರುತ್ತಿದ್ದರು. ೧೮೪೨ರಲ್ಲಿ ಆ ದೇಶಕ್ಕೆ ಹೋದಾಗ ಡಿಕನ್ಸನು ಇದನ್ನು ಬಹಿರಂಗವಾಗಿ ಖಂಡಿಸಿದನು. ಪರದೇಶದ ಲೇಖಕರಿಗೆ ಅಲ್ಲಿ ರಕ್ಷಣೆ ದೊರೆತುದು ೧೮೯೧ರಲ್ಲಿ.

ಸ್ವತಂತ್ರ ಭಾರತವು ೧೯೫೭ರಲ್ಲಿ ತನ್ನದೇ ಆದ ಕೃತಿಸ್ವಾಮ್ಯ ಶಾಸನವನ್ನು ರಚಿಸಿಕೊಂಡಿತು. ಇದರ ಪ್ರಕಾರ ಸಾಹಿತ್ಯಕೃತಿಯ ಹಕ್ಕು ಲೇಖಕನ ಜೀವಿತಕಾಲದಲ್ಲಿಯೂ, ಅವನು ಕಾಲವಾದ ವರ್ಷದ ನಂತರ ಅರವತ್ತು ವರ್ಷಗಳವರೆಗೂ ಉಳಿಯುತ್ತದೆ. ವರಕವಿ ಬೇಂದ್ರೆಯವರು ತೀರಿಕೊಂಡುದು ೧೯೮೧ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳ ಹಕ್ಕು ೨೦೪೧ರ ಕೊನೆಯವರೆಗೆ ಇರುತ್ತದೆ. ಆ ಬಳಿಕ ಅವು ಸರ್ವರ ಸ್ವತ್ತಾಗುತ್ತವೆ.

ಗಣಕಯಂತ್ರ ಮತ್ತು ಅಂತರಜಾಲಗಳು ಈ ಸಮಸ್ಯೆಯನ್ನು ಹೊಸ ರೂಪದಲ್ಲಿ ನಮ್ಮ ಮುಂದಿಟ್ಟಿವೆ. ಇಂದು ಪ್ರತಿಮಾಡಲು ಲಿಪಿಕಾರನೂ ಬೇಡ, ಮುದ್ರಣಾಲಯವೂ ಬೇಡ. ಬೆರಳಿನ ಒಂದು ಸ್ಪರ್ಶ ಸಾಕು. ೧೯೯೯ರಲ್ಲಿ ಅಮೆರಿಕದ ಷಾನ್ ಫ್ಯಾನಿಂಗ್ ಎಂಬ ತರುಣನು ‘ನ್ಯಾಪ್‌ಸ್ಟರ್’ ಎಂಬ ವ್ಯವಸ್ಥೆಯನ್ನು ರೂಪಿಸಿದನು. ಹಾಡುಗಳು ಜನರ ಗಣಕಯಂತ್ರಗಳಲ್ಲಿಯೇ ಇರುತ್ತಿದ್ದವು. ಯಾವ ಹಾಡು ಯಾರಲ್ಲಿದೆ ಎಂಬ ಸೂಚಿಯನ್ನು ಮಾತ್ರ ನ್ಯಾಪ್‌ಸ್ಟರ್ ಒದಗಿಸುತ್ತಿತ್ತು. ಲಕ್ಷಾಂತರ ಮಂದಿ ಹಣ ತೆರದೆ ಹಾಡುಗಳನ್ನು ವಿನಿಮಯ ಮಾಡಿಕೊಂಡರು. ಸಂಗೀತ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ೨೦೦೧ರಲ್ಲಿ ಆ ಸೇವೆ ನಿಂತಿತು. ಆದರೆ ಅಭ್ಯಾಸ ನಿಲ್ಲಲಿಲ್ಲ.

ಇದು ಕಳವೇ? ಒಬ್ಬನ ಪುಸ್ತಕವನ್ನು ಕದ್ದರೆ ಅವನ ಕೈ ಬರಿದಾಗುತ್ತದೆ. ಪ್ರತಿಮಾಡಿದರೆ ಮೂಲವು ಅವನಲ್ಲಿಯೇ ಉಳಿಯುತ್ತದೆ. ಪ್ರತಿಮಾಡಿದವರೆಲ್ಲರೂ ಹಣ ಕೊಟ್ಟು ಕೊಳ್ಳುತ್ತಿದ್ದರೆಂದೂ ಹೇಳಲಾಗದು. ಆದುದರಿಂದ ಇವೆರಡೂ ಒಂದೇ ಅಲ್ಲವೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಹಾನಿಯೇ ಇಲ್ಲವೆನ್ನುವುದು ಸರಿಯಲ್ಲ. ಕನ್ನಡದಲ್ಲಿ ಅನೇಕ ಪುಸ್ತಕಗಳ ಒಂದು ಮುದ್ರಣವೆಂದರೆ ಸಾವಿರ ಪ್ರತಿಗಳು ಮಾತ್ರ. ಅಂತಹ ಒಂದು ಪುಸ್ತಕದ ಪುಟಗಳನ್ನು ಯಾರೋ ಒಬ್ಬರು ದೂರವಾಣಿಯ ಮೂಲಕ ಊರೂರಿಗೆ ಹರಡಿದರೆ ಆ ಸಾವಿರ ಪ್ರತಿಗಳೂ ಅಂಗಡಿಯಲ್ಲಿಯೇ ಧೂಳು ತಿನ್ನಬಹುದು. ಆಗ ಲೇಖಕನ ಸಂಭಾವನೆ ಮಾತ್ರವಲ್ಲ, ಅಚ್ಚಿನ ಮೊಳೆಯಂತೆ ಒಂದೊಂದೇ ತಪ್ಪನ್ನು ಹೆಕ್ಕಿ ತಿದ್ದಿದವನ, ಚಿತ್ರ ಬರೆದವನ, ಪುಸ್ತಕ ಕಟ್ಟಿದವನ ಕೂಲಿಯೂ ಸಂಶಯಕ್ಕೆ ಬೀಳುತ್ತದೆ. ಮುಂದಿನ ಪುಸ್ತಕವು ಹುಟ್ಟದೆಯೇ ಹೋಗಬಹುದು. ಹುಟ್ಟದ ಪುಸ್ತಕದ ನಷ್ಟವನ್ನು ಯಾರೂ ಅಳೆಯಲಾರರು.

ಹಾಗೆಂದು ಪ್ರತಿಮಾಡುವುದೆಲ್ಲವೂ ತಪ್ಪಲ್ಲ. ವ್ಯಾಸಂಗ, ಸಂಶೋಧನೆ, ವಿಮರ್ಶೆಗಳಿಗಾಗಿ ಮಾಡುವ ನ್ಯಾಯೋಚಿತವಾದ ಬಳಕೆಗೆ ನಮ್ಮ ಶಾಸನವೇ ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ನೆರಳಚ್ಚಿನ ಅಂಗಡಿಯೊಂದು ಪಠ್ಯಕ್ಕೆ ಬೇಕಾದ ಪುಸ್ತಕಭಾಗಗಳನ್ನು ಪ್ರತಿಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ೨೦೧೨ರಲ್ಲಿ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ಇದರ ವಿರುದ್ಧ ದಾವೆ ಹೂಡಿದವು. ಬೋಧನೆಗೆ ಅಗತ್ಯವಾದಷ್ಟನ್ನು ಹೀಗೆ ಪ್ರತಿಮಾಡುವುದು ಉಲ್ಲಂಘನೆಯಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯವು ೨೦೧೬ರಲ್ಲಿ ಅಭಿಪ್ರಾಯಪಟ್ಟಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಅಂಧರು ಓದಬಹುದಾದ ರೂಪದಲ್ಲಿ ಗ್ರಂಥಗಳನ್ನು ಸಿದ್ಧಪಡಿಸಲು ಅನುವಾಗುವಂತೆ ೨೦೧೩ರಲ್ಲಿ ಮರ್ರಾಕೇಷ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ಮೊಟ್ಟಮೊದಲು ಸ್ಥಿರೀಕರಿಸಿದ ರಾಷ್ಟ್ರ ಭಾರತ. ಬಡ ವಿದ್ಯಾರ್ಥಿಯ ಜ್ಞಾನದಾಹವನ್ನೂ ಗ್ರಂಥಕರ್ತನ ಪರಿಶ್ರಮವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಾನೂನಿನ ಕರ್ತವ್ಯ.

ಕಾನೂನು ಎಲ್ಲೆಡೆಯೂ ಕಾವಲಿರಲಾರದು. ಏಕಾಂತದಲ್ಲಿ ಮನುಷ್ಯನನ್ನು ತಡೆಯತಕ್ಕುದು ಅವನ ವಿವೇಕವೇ. ಇದು ಯಾರ ದುಡಿಮೆಯ ಫಲ? ಇದನ್ನು ಹಂಚಲು ಅವರು ಒಪ್ಪಿರುವರೇ? ಗ್ರಂಥಾಲಯದಿಂದಲೋ ಕೊಂಡೋ ಇದನ್ನು ಪಡೆಯಲು ಸಾಧ್ಯವಿಲ್ಲವೇ? ಪ್ರತಿಮಾಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಂಡವನು ದಾರಿ ತಪ್ಪುವುದು ವಿರಳ. ತಮ್ಮ ಕೃತಿಗಳನ್ನು ತಾವಾಗಿಯೇ ಲೋಕಕ್ಕೆ ಧಾರೆಯೆರೆದ ಲೇಖಕರೂ ತಂತ್ರಜ್ಞರೂ ಇಂದು ಅನೇಕರಿದ್ದಾರೆ. ಅವರ ಔದಾರ್ಯ ವಂದನೀಯ. ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಹಂಚಿದುದು ತನ್ನ ಸಂಪತ್ತಿನಿಂದ. ತನ್ನದನ್ನು ಕೊಡುವುದು ದಾನ. ಪರರ ಶ್ರಮವನ್ನು ಕೇಳದೆ ತೆಗೆದು ಹಂಚುವವನಿಗೆ ಆ ಹೆಸರು ಸಲ್ಲದು.

ಪ್ರಶ್ನೆಗಳು

೧. ಅತ್ತಿಮಬ್ಬೆಯ ಕಾಲದಲ್ಲಿ ಗ್ರಂಥವನ್ನು ಪ್ರತಿಮಾಡುವುದು ಪುಣ್ಯಕಾರ್ಯವೆನಿಸಿದ್ದುದೇಕೆ?
೨. ಮುದ್ರಣಯಂತ್ರದಿಂದ ಗ್ರಂಥಕರ್ತರಿಗೆ ಒದಗಿದ ತೊಂದರೆ ಯಾವುದು?
೩. ಕಳವಿಗೂ ಅನುಮತಿಯಿಲ್ಲದ ಪ್ರತಿಗೂ ಇರುವ ಸಾಮ್ಯ-ಭೇದಗಳನ್ನು ವಿವರಿಸಿರಿ.
೪. ದೆಹಲಿ ವಿಶ್ವವಿದ್ಯಾಲಯದ ಪ್ರಸಂಗದಲ್ಲಿ ನಿಮ್ಮ ಅಭಿಪ್ರಾಯವೇನು? ಕಾರಣಸಹಿತ ಬರೆಯಿರಿ.